ಒಂಬತ್ತು ಡಬ್ಬದ ತೂಕ

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಜಾರಿಗೆ ಬರುವಂತೆ, ಈ ಬೇಕರಿಯಲ್ಲಿ ಹಿಟ್ಟನ್ನು ಡಬ್ಬದಿಂದ ಅಳೆಯತಕ್ಕದ್ದಲ್ಲ, ಗ್ರಾಮಿನಲ್ಲಿ ತೂಗತಕ್ಕದ್ದು. ಗ್ರಾಮಿನ ಲೆಕ್ಕ ಪಕ್ಕಾ ಆಗುವ ತನಕ ಮಾತ್ರ ಡಬ್ಬಕ್ಕೆ ಜೀವದಾನ ನೀಡಲಾಗಿದೆ.

ಈ ಘನಘೋರ ಘೋಷಣೆ ಹೊರಟಿದ್ದು ಯಾವ ಸಿಂಹಾಸನದಿಂದಲೂ ಅಲ್ಲ. ಬೋರಲು ಹಾಕಿದ ಬನ್ನಿನ ಕ್ರೇಟಿನ ಮೇಲೆ ನಿಂತು ಬೇಕರಿಯ ಅಳಿಯ ಅದನ್ನು ಹೊರಡಿಸಿದ. ಕೇಳಲು ನೆರೆದಿದ್ದ ಮಹಾಜನತೆ ಎಂದರೆ ಅವನ ಅತ್ತೆ, ಅವನ ಹೆಂಡತಿ ಮತ್ತು ಒಲೆಯ ಬಿಸಿ ಹುಡುಕಿಕೊಂಡು ಬಂದ ಒಂದು ಬೆಕ್ಕು. ಬೆಕ್ಕು ಅರ್ಧದಲ್ಲೇ ಎದ್ದು ಹೋಯಿತು. ಉಳಿದಿಬ್ಬರಿಗೆ ಆ ಸ್ವಾತಂತ್ರ್ಯ ಇರಲಿಲ್ಲ.

"ಆಗ್ಲಿ ಅಳಿಯಂದ್ರೇ," ಎಂದಳು ಅತ್ತೆ, ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತಾ. "ಕ್ರೇಟಿಂದ ಇಳೀರಿ. ಬನ್ನು ತುಂಬ್ಬೇಕು."

ಅವಳ ಮಗಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಗಂಡನ ಕಂಕುಳಲ್ಲಿ ಹೊಸ ತೂಕದ ಮಷಿನ್ ಇತ್ತು. ಚಪ್ಪಟೆಯಾಗಿ, ಕಪ್ಪಗೆ, ಮುಖವೆಲ್ಲ ಕೆಂಪು ಅಂಕಿ. ಅದನ್ನವನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಾಗ ಕುಂಯ್ ಎಂದು ಒಂದು ಸದ್ದು ಮಾಡಿ ಸೊನ್ನೆ ತೋರಿಸಿತು. ಆ ಸೊನ್ನೆ ತನ್ನ ಅಮ್ಮನನ್ನೇ ದುರುಗುಟ್ಟಿ ನೋಡುತ್ತಿದೆ ಎಂದು ಮಗಳಿಗೆ ಯಾಕೆ ಅನ್ನಿಸಿತೋ ಅವಳಿಗೇ ಗೊತ್ತಾಗಲಿಲ್ಲ.

ಆ ಅಂಗಡಿಯ ಬ್ರೆಡ್ಡು ಊರಿಗೆಲ್ಲ ಗೊತ್ತು. ಹಿಂಡಿದರೆ ಮುಷ್ಟಿಯೊಳಗೆ ಅಡಗಿ, ಬಿಟ್ಟರೆ ಮೊದಲಿನಂತಾಗುವ ಬ್ರೆಡ್ಡು. ಅದರ ಗುಟ್ಟು ಯಾರಾದರೂ ಕೇಳಿದರೆ ಅಮ್ಮ ಮುಚ್ಚಿಡುತ್ತಿರಲಿಲ್ಲ: "ಗುಟ್ಟೇನ್ ಬಂತು? ಒಂಬತ್ತು ಡಬ್ಬ ಹಿಟ್ಟು, ಗೆರೆ ಮುಟ್ಟೋ ಹಾಗೆ ಒಂದು ಬಕೀಟು ನೀರು, ಉಪ್ಪು, ಈಸ್ಟು, ಎಣ್ಣೆ. ನಮ್ಮನೆಯವ್ರು ಹಾಕ್ತಿದ್ದಿದ್ದೇ ನಾನೂ ಹಾಕ್ತೀನಿ." ನಮ್ಮನೆಯವರು ಎಂದರೆ ತೀರಿಕೊಂಡ ಗಂಡ. ಅಂಗಡಿ ಕಟ್ಟಿದವನು, ಇಟ್ಟಿಗೆ ಒಲೆ ಕಟ್ಟಿದವನು, ಗೋಡೆಗೆ ಸೇರಿಸಿ ಕಲ್ಲಿನ ತೊಟ್ಟಿ ಕಟ್ಟಿ ಅದರಲ್ಲಿ ಹಿಟ್ಟು ಕಲಸಿದವನು. ಅವನು ಬಳಸುತ್ತಿದ್ದ ಹಾಲಿನ ಪುಡಿಯ ಹಳೇ ಡಬ್ಬವೇ ಈಗಲೂ ಅಮ್ಮನ ಅಳತೆ. ಬಣ್ಣವೆಲ್ಲ ಹೋಗಿ, ಅಂಚು ಸವೆದು, ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು.

ಆ ತೊಟ್ಟಿಯ ಮುಂದೆಯೇ ಅಪ್ಪ ಹೋಗಿದ್ದು. ಮಗಳಾಗ ಲಂಗ ಎತ್ತಿ ಹಿಡಿದು ಓಡಾಡುವ ವಯಸ್ಸಿನವಳು. ಒಂದು ಬೆಳಗಿನ ಜಾವ ಎಂದಿನಂತೆ ಎಣಿಸುತ್ತಾ ಸುರಿಯುತ್ತಿದ್ದವನು ಏಳನೇ ಡಬ್ಬ ಎತ್ತಿದ, ಇಳಿಸಲಿಲ್ಲ. ತೊಟ್ಟಿಯ ಅಂಚಿಗೆ ಎದೆ ಒರಗಿಸಿ ಹಾಗೇ ಕೂತುಬಿಟ್ಟ. ಹಿಟ್ಟೆಲ್ಲ ಮೈಮೇಲೆ ಚೆಲ್ಲಿ, ಹುಬ್ಬು ಮೀಸೆ ಬಿಳಿಯಾಗಿ, ಒಂದೇ ಗಳಿಗೆಯಲ್ಲಿ ಮುದುಕನಾಗಿ ಸತ್ತ.

ಅಂದಿನಿಂದ ಆ ಅಂಕಿ ಅಮ್ಮನ ಬಾಯಿಂದ ಬಿದ್ದುಹೋಯಿತು. ಗಿರಾಕಿ ಅಷ್ಟು ಬನ್ನು ಕೇಳಿದರೆ "ಆರೂ ಒಂದೂ ತಾನೇ?" ಎಂದು ಕಟ್ಟಿಕೊಡುತ್ತಿದ್ದಳು. ಹೊತ್ತು ಕೇಳಿದರೆ "ಆರು ಹೊಡೆದು ಒಂದು ಗಂಟೆ ಆಯ್ತು" ಎನ್ನುತ್ತಿದ್ದಳು. ತೊಟ್ಟಿಯ ಮುಂದೆ ಮಾತ್ರ ಆ "ಆರೂ ಒಂದೂ" ಕೂಡ ಹೊರಡದು. "ಐದು... ಆರು..." ಆಮೇಲೆ ಒಂದು ಉಸಿರಿನಷ್ಟು ಮೌನ. "ಎಂಟು... ಒಂಬತ್ತು." ಆ ಮನೆಯಲ್ಲಿ ಹಿಟ್ಟು ಏಳುತ್ತಿತ್ತು, ಬ್ರೆಡ್ಡು ಏಳುತ್ತಿತ್ತು, ಏಳು ಮಾತ್ರ ಇರಲಿಲ್ಲ. ಒಲೆಗೆ ಸೌದೆ ಒಡ್ಡುತ್ತಾ, ತೊಟ್ಟಿಗೆ ಬೆನ್ನು ಹಾಕಿ ಬೆಳೆದ ಮಗಳಿಗೆ ಆ ಮೌನ ಗೋಡೆಯ ಗಡಿಯಾರದ ಸದ್ದಿನಷ್ಟೇ ರೂಢಿ. ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಅಳಿಯನಿಗಂತೂ ಇದರ ಗಂಧಗಾಳಿಯಿಲ್ಲ. ಅವನು ಕೆಳಗಿಳಿದು ಬರುವ ಹೊತ್ತಿಗೆ ಮೊದಲ ಒಬ್ಬೆ ಬ್ರೆಡ್ಡು ಬೆಂದು, ತಣಿದು, ಮಾರಿ, ಯಾರದೋ ಹೊಟ್ಟೆಯಲ್ಲಿ ಅರ್ಧ ಕರಗಿರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಗಲ್ಲಾದ ಹಿಂದೆ ಕೂತು ತೂಕಡಿಸುತ್ತಿದ್ದವನು ಈಗ ಇದ್ದಕ್ಕಿದ್ದಂತೆ ತೂಕಕ್ಕೆ ಬಿದ್ದ. ಹೆಂಡತಿಗೆ ಅದೇ ಭಯ ಹುಟ್ಟಿಸಿದ್ದು. ಸೋಮಾರಿ ಸುಮ್ಮನಿದ್ದರೆ ಮನೆಗೆ ನಷ್ಟ, ಸೋಮಾರಿ ಚುರುಕಾದರೆ ಮನೆಯೇ ನಷ್ಟ ಎಂಬುದು ಅವಳ ಅನುಭವ.

ದಿನಾ ಮಧ್ಯಾಹ್ನ ತೂಕದ ಯಜ್ಞ ನಡೆಯತೊಡಗಿತು. ಹಿಟ್ಟಿನ ಪೀಪಾಯಿಯಿಂದ ಹೆಂಡತಿ ಡಬ್ಬ ತುಂಬಿ ಕೊಡಬೇಕು, ಅವನು ತೂಗಬೇಕು. ಮೊದಲ ದಿನ ಡಬ್ಬದ ತೂಕವನ್ನೂ ಹಿಟ್ಟಿನ ಲೆಕ್ಕಕ್ಕೆ ಸೇರಿಸಿ, ತಗಡನ್ನೂ ಜನಕ್ಕೆ ತಿನ್ನಿಸುವ ಏರ್ಪಾಡು ಮಾಡಿದ್ದ. ಖಾಲಿ ಡಬ್ಬವಿಟ್ಟು ಸೊನ್ನೆ ಮಾಡಿಕೊಂಡು ಆಮೇಲೆ ಹಿಟ್ಟು ಹಾಕಬೇಕು ಎನ್ನುವುದು ಮಾರನೇ ದಿನ ಹೊಳೆಯಿತು. ಅದು ಸರಿಹೋಗುತ್ತಲೇ ಇನ್ನೊಂದು ತಾಪತ್ರಯ. ಒಂದು ಡಬ್ಬ ಐನೂರ ಅರವತ್ತು ಗ್ರಾಂ ತೂಗಿದರೆ ಇನ್ನೊಂದು ಆರುನೂರ ನಲವತ್ತು.

"ಏನೇ ಇದು? ಡಬ್ಬ ಅದೇ, ಹಿಟ್ಟು ಅದೇ, ತೂಕ ಯಾಕೆ ಹಿಂಗೆ ಕುಣೀತದೆ?"

"ಪೀಪಾಯಿ ತಳದಲ್ಲಿ ಹಿಟ್ಟು ಅಮುಕಿಕೊಂಡಿರತ್ತೆ ರೀ. ಅಲ್ಲಿಂದ ಮೊಗೆದ್ರೆ ಜಾಸ್ತಿ ಹಿಡಿಸತ್ತೆ. ಜರಡಿ ಆಡಿದ್ರೆ ಅರಳತ್ತೆ, ಆಗ ಕಮ್ಮಿ. ಅಮ್ಮ ಮೊದ್ಲು ಕೈಯಲ್ಲಿ ಬಿಡಿಸ್ಕೊಂಡು, ಗೋಪುರ ಮಾಡಿ ತುಂಬಿ, ಮಣಿಕಟ್ಟಲ್ಲಿ ಸವರ್ತಾಳೆ."

"ಹಂಗೇ ತುಂಬು ಮತ್ತೆ. ನಿನ್ನ ಪುರಾಣ ಬೇಡ."

ಅವಳು ತುಂಬಿದಳು, ಅವನು ತೂಗಿದ. ಬಿಸಿಲಿದ್ದ ದಿನ, ಮೋಡವಿದ್ದ ದಿನ, ಹೊಸ ಮೂಟೆ ಬಿಚ್ಚಿದ ದಿನ. ಕೆಂಪು ಅಂಕಿಗಳನ್ನು ಫೋನಿಗೆ ಒತ್ತಿಕೊಂಡು, ಕೂಡಿ, ಭಾಗಿಸಿ, ಕೊನೆಗೆ ಒಂದು ಡಬ್ಬಕ್ಕೆ ಆರುನೂರು ಗ್ರಾಂ ಎಂದು ತೀರ್ಪು ಕೊಟ್ಟ. "ಒಂಬತ್ತು ಡಬ್ಬ. ಐದು ಕೆಜಿ ನಾನೂರು. ಹೌದೋ?"

"ಹೌದು. ಒಂಬತ್ತು," ಎಂದಳು ಹೆಂಡತಿ. ಯೋಚಿಸುವ ಅಗತ್ಯವೇ ಬೀಳಲಿಲ್ಲ. ತಮ್ಮ ಮನೆಯ ಬಾಗಿಲೆಷ್ಟು ಎಂದರೆ ಯಾರು ಯೋಚಿಸುತ್ತಾರೆ?

"ಒಟ್ಟಿಗೇ ತೂಗಿ ನೋಡಾಣ ಅಂದ್ರೆ ಈ ದರಿದ್ರ ಮಷಿನ್ನು ಎರಡು ಕೆಜಿಗಿಂತ ಹೊರಲ್ಲ. ಆ ತೊಟ್ಟಿನೋ, ಗೋಡೆಗೆ ಮೆತ್ಕೊಂಡಿದೆ. ಇರ್ಲಿ ಬಿಡು. ಗುಣಾಕಾರ ಸುಳ್ಳಾಡತ್ತಾ?"

ಉಪ್ಪಿನ ಹಿಡಿ ತೂಗಿದ. ಈಸ್ಟಿನ ಚಮಚ ತೂಗಿದ. ನೀರನ್ನು ಜಗ್ಗಿನಲ್ಲಿ ಸುರಿದೂ ಸುರಿದೂ ತೂಗಿದ. ತೂಗುವ ಚಟ ಹತ್ತಿದ ಮೇಲೆ ಅವನ ಕಣ್ಣು ಅಂಗಡಿಯ ಒಂದೊಂದರ ಮೇಲೂ ಹರಿದಾಡತೊಡಗಿತು. ಒಲೆಯ ಕಬ್ಬಿಣದ ಬಾಗಿಲನ್ನು ತಟ್ಟಿ ನೋಡಿದ. ಬ್ರೆಡ್ಡಿನ ಅಚ್ಚುಗಳನ್ನು ಎತ್ತಿ ನೋಡಿದ. ಒಂದು ದಿನ ಅಮ್ಮ ಕೂರುವ ಕಬ್ಬಿಣದ ಕುರ್ಚಿಯನ್ನೂ ಒಂದು ಕೈಯಲ್ಲಿ ಎತ್ತಿ, ತುಟಿ ಮುಂದೆ ಮಾಡಿ, ಅಂದಾಜು ಹಾಕಿ ಇಳಿಸಿದ. ಗುಜರಿಯವನು ನೋಡುವ ಹಾಗೆ. ಮಗಳು ಕುರ್ಚಿಯನ್ನು ಅವನ ಕೈಗೆ ಸಿಗದಂತೆ ಹಿಂದಕ್ಕೆಳೆದಳು.

"ರೀ, ಇದೆಲ್ಲ ಯಾತಕ್ಕೆ? ನಿಜ ಹೇಳಿ."

ಅವನು ಸುತ್ತ ನೋಡಿ, ದನಿ ತಗ್ಗಿಸಿ, ಮುಖವರಳಿಸಿ ಹೇಳಿದ. ಪಾಪ, ಅದು ಅವನ ಬದುಕಿನ ಅತಿ ದೊಡ್ಡ ಸಿಹಿಸುದ್ದಿ. ಊರೂರಿಗೆ ಬ್ರೆಡ್ಡು ಕಳಿಸುವ ದೊಡ್ಡ ಕಂಪನಿಯೊಂದು ಈ ಬ್ರೆಡ್ಡಿನ ವಿಧಾನ ಕೊಳ್ಳಲು ಒಪ್ಪಿದೆ. ಕೈಯಳತೆ ಅವರಿಗೆ ನಡೆಯುವುದಿಲ್ಲ, ಎಲ್ಲ ಗ್ರಾಮಿನಲ್ಲಿರಬೇಕು. ಹೊದಿಕೆಯ ಕಾಗದದ ಮೇಲೆ ಮಾವನ ಫೋಟೋ, ಫೋಟೋದ ಕೆಳಗೆ "ಸ್ಥಾಪಕರ ಕೈಯಿಂದ ಇಂದಿನವರೆಗೆ ಒಂದು ಚಿಟಿಕೆಯೂ ಬದಲಾಗದ ಬ್ರೆಡ್ಡು" ಎಂಬ ಸಾಲು. ಅಳಿಯನಿಗೆ ಕಂಪನಿಯಲ್ಲಿ ಮ್ಯಾನೇಜರ್ ಕುರ್ಚಿ.

"ಆ ಸಾಲೇ ನೋಡು ನಮ್ಮ ತುರುಪಿನ ಎಲೆ. ಸ್ಥಾಪಕರದ್ದೇ ಬ್ರೆಡ್ಡು ಅಂದ್ರೇನೇ ಅವ್ರು ತಗೊಳ್ಳೋದು. ಕರಾರೇ ಹಂಗಿದೆ."

"ಮತ್ತೆ ಈ ಅಂಗಡಿ?"

"ಮುಚ್ಚೋದು. ಒಂದೇ ಬ್ರೆಡ್ಡು ಎರಡು ಕಡೆ ಮಾರೋಕಾಗತ್ತಾ? ಒಲೆ ಒಡೆದ್ರೆ ಅಲ್ಲಿ ಎರಡು ಕಾರು ನಿಲ್ಸಬಹುದು."

"ನಮ್ಮತ್ರ ಒಂದೂ ಕಾರಿಲ್ಲ."

"ಬರತ್ತೆ ಕಣೇ!"

"ಅಮ್ಮ?"

"ಅತ್ತೆಗೆ ವಿಶ್ರಾಂತಿ. ಹಿಂದಿನ ರೂಮಿದೆಯಲ್ಲ, ಕಿಟಕಿನೂ ಇದೆ." ಕಿಟಕಿ ಇದ್ದದ್ದು ನಿಜ. ಅದು ತೆರೆಯುತ್ತಿದ್ದುದು ಪಕ್ಕದ ಕಟ್ಟಡದ ಗೋಡೆಗೆ. "ನೀನು ಈಗ್ಲೇ ಬಾಯಿ ಬಿಡ್ಬೇಡ. ಒಲೆ ವಿಷಯ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು. ಮೊದ್ಲು ಸಹಿ ಆಗ್ಲಿ."

ಅವನೇನೂ ರಾಕ್ಷಸನಲ್ಲ. ರಾತ್ರಿ ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡಿಕೊಡುವಷ್ಟು ಒಳ್ಳೆಯವನು. ಅವಳನ್ನು ಕಿತ್ತು ಕೂರಿಸುವುದನ್ನೂ ಅಂಥದೇ ಒಂದು ಉಪಕಾರ ಎಂದು ಮನಸಾರೆ ನಂಬಿದ್ದ. ಅದಕ್ಕೇ ಅವನನ್ನು ತಡೆಯುವುದು ಕಷ್ಟ.

ಮಗಳು ಬಾಯಿ ಬಿಟ್ಟಳು. ಅಮ್ಮ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಾಗ ಪಕ್ಕ ಕೂತು, ಕಂಪನಿ, ಕರಾರು, ಒಲೆ ಎಲ್ಲ ಹೇಳಿದಳು. ಅಮ್ಮನ ಕೈ ನಿಂತಿತು. ಒಲೆಯ ಕಡೆ ತಿರುಗಿ ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಬೇರೆಯೇ.

"ಕಾಗದದ ಮೇಲೆ ಅವರ ಫೋಟೋ ಹಾಕ್ತಾರಂತಾ?"

"ಅಮ್ಮಾ, ಒಲೆ ಒಡೀತಾರೆ ಅಂದೆ ನಾನು."

"ಕೇಳಿಸ್ತು ಕಣೇ. ನಂಗೂ ತೋಳು ಬಿದ್ದುಹೋಗತ್ತೆ ಈಗೀಗ. ನಾನಿನ್ನೆಷ್ಟು ದಿನ? ಅವರ ಬ್ರೆಡ್ಡು ಊರೂರಿಗೆ ಹೋಗತ್ತೆ ಅಂದ್ರೆ... ಅವರ ಕೈ ಉಳೀತು ಅಂತ ಅಲ್ವಾ?" ಎಂದವಳೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಳಿಯ ಅಳೆದ, ಅತ್ತೆ ಅತ್ತಳು. ಭಾಷೆ ಇವರಿಬ್ಬರ ಸಂಬಂಧವನ್ನು ಮೊದಲೇ ನಿಶ್ಚಯಿಸಿಟ್ಟಂತಿತ್ತು.

ಅತ್ತು ಮುಗಿಸಿ ಒಲೆಯ ಬಾಗಿಲ ಮೇಲೆ ಕೈಯಿಟ್ಟಳು. ಬಿಸಿಯಿತ್ತು. ಆದರೂ ತೆಗೆಯಲಿಲ್ಲ. "ಬೆಳಗ್ಗೆ ಎದ್ದು ಏನ್ ಮಾಡೋದು ಅನ್ನೋದೊಂದೇ," ಎಂದಳು, ಮಗಳಿಗಲ್ಲ, ಒಲೆಗೆ. ಮಗಳು ಹಿಂದಿನ ರೂಮಿನ ಕಿಟಕಿಯನ್ನು ನೆನೆದಳು. ಗೋಡೆ ನೋಡುತ್ತಾ ಅಮ್ಮ ಎಷ್ಟು ದಿನ ಬದುಕಿಯಾಳು? ಆ ಲೆಕ್ಕವನ್ನು ಯಾವ ಮಷಿನ್ನೂ ತೋರಿಸುವುದಿಲ್ಲ. ಆದರೆ ದೊಡ್ಡ ಅಂಕಿ ಅಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಕಂಪನಿಯವರು ಬರುವ ಮೊದಲು ಒಮ್ಮೆ ಮಾಡಿ ನೋಡೋಣ ಎಂದು ಅಳಿಯ ಮನೆಯ ಅಡಿಗೆಮನೆಯಲ್ಲಿ, ಗ್ರಾಮಿನ ಲೆಕ್ಕವನ್ನು ಸಣ್ಣದು ಮಾಡಿಕೊಂಡು, ಒಂದೇ ಒಂದು ಬ್ರೆಡ್ಡು ಮಾಡಿದ. ಕಲಸುವಾಗಲೇ ಹಿಟ್ಟು ಬೆರಳಿಗೆ ಎದುರಾಡಿತು. ಬೆಂದು ಬಂದದ್ದನ್ನು ಹಲಗೆಯ ಮೇಲಿಟ್ಟಾಗ ಟಕ್ ಎಂದಿತು. ಹೆಂಡತಿ ಕೊಯ್ದಳು. ಚಾಕು ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡಿತು.

"ಮನೆ ಒಲೆ ನೋಡು, ಅದಕ್ಕೇ," ಎಂದ ಅಳಿಯ. "ಬೇಕರಿ ಒಲೆ ಆದ್ರೆ ಸರಿಹೋಗತ್ತೆ." ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಅಗಿದು, ಇನ್ನೂ ಅಗಿದು, ಫೋನಿನಲ್ಲಿ ಮತ್ತೆ ಗುಣಿಸಿ ನೋಡಿದ. ಗುಣಾಕಾರ ಅದೇ ಉತ್ತರ ಕೊಟ್ಟಿತು.

ಹೆಂಡತಿಗೆ ನಿದ್ದೆ ಹತ್ತಲಿಲ್ಲ. ಮನೆಯ ಒಲೆ ಬ್ರೆಡ್ಡಿನ ಹೊಟ್ಟೆ ಬೇಯಿಸದಿರಬಹುದು, ತಲೆ ಸುಡಬಹುದು. ಆದರೆ ಹಸಿ ಹಿಟ್ಟನ್ನೇ ಗಟ್ಟಿ ಮಾಡುವ ಒಲೆ ಯಾವುದಿದೆ? ಬೆಂಕಿ ಕಾಣುವ ಮೊದಲೇ ಆ ಹಿಟ್ಟು ಗಟ್ಟಿಯಾಗಿತ್ತು.

ಬೆಳಗಿನ ಜಾವ ಅವಳು ಸೌದೆ ಒಡ್ಡಿದವಳೇ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದಳು. ಒಲೆಗೆ ಬೆನ್ನು ಹಾಕಿ ತೊಟ್ಟಿಯ ಕಡೆ ತಿರುಗಿ ನಿಂತಳು.

"ಒಂದು," ಎಂದಳು ಅಮ್ಮ. ಡಬ್ಬ ಬಗ್ಗಿತು, ಹಿಟ್ಟು ಇಳಿಯಿತು, ಬಿಳಿ ಧೂಳೆದ್ದಿತು. "ಎರಡು." ಮಗಳು ಬೆರಳು ಮಡಚಿದಳು. "ಮೂರು." "ನಾಕು." "ಐದು." "ಆರು."

ಅಮ್ಮನ ಕೈ ಖಾಲಿ ಡಬ್ಬವನ್ನು ಹಿಡಿದು ತೊಟ್ಟಿಯ ಮೇಲೆ ಗಾಳಿಯಲ್ಲಿ ನಿಂತಿತು. ಕಣ್ಣು ಮುಚ್ಚಿತ್ತು. ತುಟಿ ಬಿಗಿದಿತ್ತು. ಪೀಪಾಯಿಯ ಕಡೆ ಕೈ ಹೋಗಲೇ ಇಲ್ಲ. ಉಸಿರೊಂದು ಒಳಗೆ ಹೋಗಿ ಹೊರಗೆ ಬಂತು. ಆಮೇಲೆ ಕೈ ಪೀಪಾಯಿಗೆ ಇಳಿದು ಡಬ್ಬ ತುಂಬಿಕೊಂಡು ಎದ್ದಿತು.

"ಎಂಟು."

"ಒಂಬತ್ತು."

ಮಗಳು ತನ್ನ ಕೈ ನೋಡಿಕೊಂಡಳು. ಎಂಟು ಬೆರಳು ಮಡಚಿದ್ದವು. ಎರಡು ನೆಟ್ಟಗೆ ನಿಂತು, ಈಗ ಹೇಳು ಎಂಬಂತೆ ಅವಳನ್ನೇ ನೋಡುತ್ತಿದ್ದವು.

ಇಷ್ಟು ವರ್ಷ ಆ ಮೌನದೊಳಗೆ ಒಂದು ಡಬ್ಬ ಹಿಟ್ಟಿದೆ ಎಂದು ಅವಳು ತಿಳಿದಿದ್ದಳು. ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಸುರಿಯುತ್ತಾಳೆ ಎಂದುಕೊಂಡಿದ್ದಳು. ಅಲ್ಲಿ ಏನೂ ಇರಲಿಲ್ಲ. ಅಮ್ಮನಿಗೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ದಾಟುವವಳಿಗೆ ಏನು ದಾಟಿದೆನೆಂದು ಹೇಗೆ ತಿಳಿಯಬೇಕು?

ಮತ್ತೂ ಒಂದು ನೆನಪು ಬಂತು. ಅಪ್ಪನ ಕಾಲದ ಬ್ರೆಡ್ಡು. ಅದನ್ನು ಚಹಾದಲ್ಲಿ ಅದ್ದದೆ ತಿನ್ನಲಾಗುತ್ತಿರಲಿಲ್ಲ. "ನಿಮ್ಮಪ್ಪನ ಬ್ರೆಡ್ಡು ತಲೆಗೆ ಹೊಡೆದ್ರೆ ಪೊಲೀಸ್ ಕೇಸಾಗತ್ತೆ" ಎಂದು ಎದುರಂಗಡಿ ದರ್ಜಿ ಗೇಲಿ ಮಾಡುತ್ತಿದ್ದ. ಅಪ್ಪ ಹೋದ ಮೇಲೇ ಅಂಗಡಿ ಮುಂದೆ ಸಾಲು ನಿಲ್ಲಲು ಶುರುವಾಗಿದ್ದು. ಗಂಡ ಸತ್ತ ಮೇಲೆ ಪಾಪ ಅವಳ ಕೈ ಮೆತ್ತಗಾಯಿತು, ಬ್ರೆಡ್ಡಿಗೂ ಅದು ಇಳಿಯಿತು ಎಂದು ಜನ ಆಡಿಕೊಂಡರು. ಕೈ ಮೆತ್ತಗಾಗಿರಲಿಲ್ಲ. ನೀರು ಅಷ್ಟೇ ಇತ್ತು, ಹಿಟ್ಟು ಒಂದು ಡಬ್ಬ ಕಮ್ಮಿಯಾಗಿತ್ತು.

ಊರು ಮೆಚ್ಚಿದ ಬ್ರೆಡ್ಡು ಅಪ್ಪನದಲ್ಲ. ಅಪ್ಪನ ಸಾವಿನದು.

ಇದನ್ನು ಗಂಡನಿಗೆ ಹೇಳಿದರೆ ಅವನು ಎಂಟರಿಂದ ಗುಣಿಸಿಕೊಂಡು ಒಲೆ ಒಡೆಸುತ್ತಾನೆ. ಅಮ್ಮನಿಗೆ ಹೇಳಿದರೆ ಅವಳ ಎದೆ ಒಡೆಯುತ್ತದೆ. ಮಗಳು ಎರಡನ್ನೂ ತೂಗಿ ನೋಡಿ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯಿಯೊಳಗೆ ಆ ಡಬ್ಬ ದಿನದಿನಕ್ಕೆ ಭಾರವಾಯಿತು.

ಹೊದಿಕೆಯ ಕಾಗದಗಳು ಮೊದಲು ಬಂದವು, ಕಂಪನಿಯವರು ಆಮೇಲೆ. ಅಳಿಯ ಉತ್ಸಾಹ ತಡೆಯಲಾರದೆ ಕಟ್ಟು ಬಿಚ್ಚಿ ಕಪಾಟಿನ ತುಂಬ ಜೋಡಿಸಿದ. ಎಲ್ಲಿ ನೋಡಿದರೂ ಅಪ್ಪ. ಮೇಲಿನ ಹಲಗೆಯಲ್ಲಿ ಅಪ್ಪ, ಕೆಳಗಿನ ಹಲಗೆಯಲ್ಲಿ ಅಪ್ಪ, ಗಾಳಿಗೆ ಹಾರಿ ನೆಲದ ಮೇಲೆ ಮಲಗಿ ಸೂರು ನೋಡುವ ಅಪ್ಪ. ಫೋಟೋ ಹಳೆಯದಾದ್ದರಿಂದ ಅಚ್ಚಿನವರು ಮುಖ ಬೆಳ್ಳಗೆ ಮಾಡಿದ್ದರು. ಮೀಸೆ ಹುಬ್ಬು ಎಲ್ಲ ಬಿಳಿ. ಹಿಟ್ಟು ಚೆಲ್ಲಿಕೊಂಡ ಆ ಬೆಳಗಿನ ಹಾಗೇ. ಅಮ್ಮ ಒಂದನ್ನು ಎತ್ತಿ, ಸವರಿ, ಮಡಿಚಿ, ರವಿಕೆಯೊಳಗೆ ಇಟ್ಟುಕೊಂಡಳು.

ಕಂಪನಿಯ ಮೇಡಂ ಕಾರಿನಿಂದ ಇಳಿದಳು. ಬಿಳಿ ಕೋಟು, ತಲೆಗೆ ಬಲೆಯ ಟೊಪ್ಪಿ, ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಅವಳದೇ ತೂಕದ ಮಷಿನ್, ಅವಳದೇ ಬೋಗುಣಿ. ಹೆಚ್ಚು ಮಾತಿಲ್ಲ. ನಗು ಇದ್ದರೂ ಅದನ್ನೂ ಗ್ರಾಂ ಲೆಕ್ಕದಲ್ಲಿ ಹಾಕುವಂತಿತ್ತು.

"ಅಮ್ಮ ಅವ್ರ ಪದ್ಧತಿಲಿ ಮಾಡ್ಲಿ. ನಾನು ನಿಮ್ಮ ಗ್ರಾಂ ಲೆಕ್ಕದಲ್ಲಿ ಮಾಡ್ತೀನಿ. ಒಲೆ ಒಂದೇ. ಎರಡೂ ಒಂದೇ ಥರ ಬಂದ್ರೆ ಇಲ್ಲೇ ಸಹಿ."

"ಬಂದೇ ಬರತ್ತೆ ಮೇಡಂ. ನಾನೇ ತೂಗಿದ್ದು," ಎಂದ ಅಳಿಯ. ಗರಿಗರಿ ಅಂಗಿ ಹಾಕಿದ್ದ. ಮೇಡಂಗೆ ಕುರ್ಚಿ, ಮೇಡಂಗೆ ಫ್ಯಾನು, ಮೇಡಂಗೆ ಚಹಾ ಎಂದು ಓಡಾಡುತ್ತಾ, ಅಮ್ಮ ತೊಟ್ಟಿಗೆ ಹಿಟ್ಟು ಸುರಿಯುವ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಸಕ್ಕರೆ ಕೊಳ್ಳುತ್ತಿದ್ದ. ಮೇಡಂ ತನ್ನ ಮಷಿನ್ನಿನ ಅಂಕಿಗಳಲ್ಲಿ ಮುಳುಗಿದ್ದಳು.

ಎರಡು ಬ್ರೆಡ್ಡು ಒಲೆಯಿಂದ ಬಂದವು. ತಣಿಯುವಾಗ ಅಮ್ಮನದು ಸಣ್ಣಗೆ ಚಿಟಿಚಿಟಿ ಎಂದು ಪಿಸುಗುಟ್ಟಿತು. ಗ್ರಾಮಿನದು ಮಾತಾಡಲಿಲ್ಲ. ಮೇಡಂ ಅಮ್ಮನದನ್ನು ಒತ್ತಿದಳು. ಕುಗ್ಗಿತು, ಎದ್ದಿತು. ತನ್ನದನ್ನು ಬೆರಳ ಗೆಣ್ಣಿನಿಂದ ಬಡಿದಳು. ಯಾರೋ ಬಾಗಿಲು ತಟ್ಟಿದ ಹಾಗೆ ಸದ್ದಾಯಿತು. ಅಮ್ಮ ಬೆಚ್ಚಿ ಬಾಗಿಲ ಕಡೆ ನೋಡಿದಳು.

"ಎರಡೂ ಒಂದೇ ಅಲ್ಲ," ಎಂದಳು ಮೇಡಂ.

ಅಳಿಯನ ಮುಖ ಹೊದಿಕೆ ಕಾಗದದ ಬಣ್ಣಕ್ಕೆ ತಿರುಗಿತು. "ಅತ್ತೇ! ಏನೋ ಮುಚ್ಚಿಟ್ಟಿದೀರಿ ನೀವು."

"ಅಯ್ಯೋ, ಏನ್ ಮುಚ್ಚಿಡ್ಲಿ ಅಳಿಯಂದ್ರೇ? ಒಂಬತ್ತು ಡಬ್ಬ."

"ನನ್ನ ಕಣ್ಣೆದುರು ಹಾಕಿ. ಈಗ್ಲೇ."

"ರೀ, ಬೇಡ," ಎಂದಳು ಹೆಂಡತಿ.

"ನೀನು ಸುಮ್ನಿರು! ಹಾಕಿ ಅತ್ತೆ."

ಅಮ್ಮ ತೊಟ್ಟಿಯ ಮುಂದೆ ನಿಂತಳು. ಸುತ್ತ ಕಪಾಟುಗಳಿಂದ ಅಪ್ಪಂದಿರು ನೋಡುತ್ತಿದ್ದರು. "ಒಂದು... ಎರಡು..." ಮದುವೆಯಾಗಿ ಬಂದಾಗಿನಿಂದ ಮೊದಲ ಬಾರಿಗೆ ಅಳಿಯ ಆ ಎಣಿಕೆ ಕೇಳಿಸಿಕೊಳ್ಳುತ್ತಿದ್ದ. "ಐದು... ಆರು..."

ಕೈ ನಿಂತಿತು. ಕಣ್ಣು ಮುಚ್ಚಿತು.

"ಎಂಟು."

"ತಡೀರಿ!" ಅಳಿಯ ಕೂಗಿದ. "ಏಳೆಲ್ಲಿ? ಅತ್ತೆ, ಏಳೆಲ್ಲಿ ಹೋಯ್ತು?"

ಆ ಮನೆಯಲ್ಲಿ ಯಾರೂ ಆಡದ ಮಾತು ತೊಟ್ಟಿಯ ಕಲ್ಲಿಗೆ ಬಡಿದು ತಿರುಗಿ ಬಂತು. ಅಮ್ಮನ ಕೈಯಿಂದ ಡಬ್ಬ ಜಾರಿ ನೆಲಕ್ಕೆ ಬಿತ್ತು. ಹಿಟ್ಟೆಲ್ಲ ಅವಳ ಪಾದದ ಮೇಲೆ ಚೆಲ್ಲಿತು. ಅವಳು ತೊಟ್ಟಿಯ ಅಂಚು ಹಿಡಿದುಕೊಂಡಳು, ಎದೆ ಒರಗಿಸಿ. ಮಗಳು ಓಡಿಹೋಗಿ ತಬ್ಬಿಕೊಂಡಳು. ಉಸಿರಿತ್ತು. ಬೆಚ್ಚಗಿತ್ತು.

"ಸಿಕ್ತು ಮೇಡಂ, ಸಿಕ್ತು!" ಅಳಿಯ ಫೋನು ಒತ್ತುತ್ತಾ ಕುಣಿಯುತ್ತಿದ್ದ. "ಎಂಟೇ ಡಬ್ಬ! ನಾಕು ಕೆಜಿ ಎಂಟ್ನೂರು! ಅಷ್ಟೇ ನೋಡಿ, ಒಂದು ತಿದ್ದುಪಡಿ. ಈಗ ಮಾಡಿ, ಹತ್ತಿ ಥರ ಬರತ್ತೆ. ಒಲೆ ಇನ್ನೂ ಬಿಸಿ ಇದೆ."

ಮೇಡಂ ಒಪ್ಪಿದವಳಂತೆ ಬೋಗುಣಿಯತ್ತ ಕೈ ಚಾಚಿದಳು. ಚಾಚಿದವಳು, ಏನೋ ಹೊಳೆದು, ಮಗಳ ಕಡೆ ತಿರುಗಿದಳು. "ಇವ್ರು ಎಂಟು ಹಾಕೋದು ಯಾವಾಗಿಂದ?"

ಅಮ್ಮನ ಬೆವರಿದ ಹಣೆ ಮಗಳ ಭುಜದ ಮೇಲಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಹಾಗೆಂದರೆ ಅಮ್ಮನಿಗೆ ಅಪ್ಪನ ಬ್ರೆಡ್ಡು ಉಳಿಯುತ್ತದೆ, ಒಲೆ ಹೋಗುತ್ತದೆ. ಮಗಳು ಒಲೆಯ ಕೆಂಪು ಬಾಯಿ ನೋಡಿದಳು. ಕಪಾಟಿನ ಬಿಳಿ ಮುಖ ನೋಡಿದಳು. ಆ ಮುಖದ ಕೆಳಗಿನ ಸಾಲು ಓದಿದಳು.

"ಅಪ್ಪ ಹೋದಾಗಿಂದ," ಎಂದಳು. "ಅಪ್ಪ ಇರೋತನಕ ಒಂಬತ್ತೇ ಹಾಕ್ತಿದ್ದಿದ್ದು."

ಅಮ್ಮ ತಲೆ ಎತ್ತಿದಳು. "ಏನಂದೆ? ನಾನು... ಕಮ್ಮಿ ಹಾಕ್ತಿದ್ನಾ?" ಅಮ್ಮ ರವಿಕೆಯೊಳಗಿಂದ ಮಡಿಚಿದ ಕಾಗದ ತೆಗೆದಳು, ಬಿಚ್ಚಲಿಲ್ಲ. ಬಿಚ್ಚಿದರೆ ಒಳಗಿರುವವನು ಏನಾದರೂ ಅಂದುಬಿಟ್ಟಾನು ಎಂಬಂತೆ ಹಿಡಿದುಕೊಂಡೇ ನಿಂತಳು. "ಹಾಗಾದ್ರೆ ಇಷ್ಟು ದಿನ ಜನ ತಿಂದಿದ್ದು ಅವರದ್ದಲ್ವಾ?"

ಮೇಡಂ ಬೋಗುಣಿ ಒರೆಸಿ ಪೆಟ್ಟಿಗೆಯೊಳಗೆ ಇಟ್ಟಳು.

"ಮೇಡಂ, ಎಲ್ಲಿಗೆ? ಎಂಟರದ್ದು ಮಾಡಿ ನೋಡಿ ಅಂದೆನಲ್ಲ!"

"ನೋಡೋದೇನಿದೆ? ಕರಾರು ಇರೋದು ಸ್ಥಾಪಕರ ಬ್ರೆಡ್ಡಿಗೆ, ಒಂದು ಚಿಟಿಕೆನೂ ಬದಲಾಗದ್ದಕ್ಕೆ. ಒಂಬತ್ತು ಡಬ್ಬದ್ದು ಸ್ಥಾಪಕರದ್ದು, ಅದನ್ನ ಯಾರೂ ತಿನ್ನಲ್ಲ. ಎಂಟು ಡಬ್ಬದ್ದನ್ನ ಎಲ್ಲರೂ ತಿಂತಾರೆ, ಅದು ಸ್ಥಾಪಕರದ್ದಲ್ಲ. ನಮಗೆ ಎರಡೂ ಒಂದ್ರಲ್ಲೇ ಬೇಕು."

"ಅತ್ತೇನೇ ಸ್ಥಾಪಕರು ಅಂತ ಮಾಡಿ! ಅವ್ರ ಫೋಟೋ ಹಾಕಿ!"

"ಸ್ಥಾಪಕರು ಅಂದ್ರೆ ಸ್ಥಾಪಿಸಿದವರು. ಅಂಗಡಿ ಲೈಸೆನ್ಸು ಯಾರ ಹೆಸರಲ್ಲಿ ಶುರುವಾಗಿದ್ದು ಅಂತ ನೀವೇ ಅರ್ಜಿಲಿ ಬರೆದಿದೀರಿ." ಪೆಟ್ಟಿಗೆಯ ಚಿಲಕ ಟಕ್ ಎಂದಿತು.

ಅಳಿಯ ಅವಳ ಹಿಂದೆ ಬಾಗಿಲವರೆಗೂ ಓಡಿದ. ಅವನ ಗರಿಗರಿ ಅಂಗಿಗೆ ಎಲ್ಲಿಂದಲೋ ಹಿಟ್ಟು ಮೆತ್ತಿತ್ತು. "ಒಂದು ಡಬ್ಬ ಮೇಡಂ! ಒಂದೇ ಒಂದು ಡಬ್ಬ ಹಿಟ್ಟಿಗೆ ಇಷ್ಟು ದೊಡ್ಡ ವ್ಯವಹಾರ ಬಿಡ್ತೀರಾ? ಏನ್ ಮಹಾ ಆಯ್ತು ಅದ್ರಲ್ಲಿ?"

ಮೇಡಂ ತಲೆಯ ಬಲೆ ಟೊಪ್ಪಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

"ಆರುನೂರು ಗ್ರಾಂ," ಎಂದಳು. "ನೀವೇ ತೂಗಿದ್ದು."